ಮನೆಯ ಬ್ಯಾನರ್ ಕಟ್ಟಿದ ಪಾರ್ವತಮ್ಮ

1982ರ ‘ಹಾಲು ಜೇನು’ ನೋಡಿದವರಿಗೆ ಕಥೆ ಮರೆತಿರಲಾರದು. ರಾಜ್‌ಕುಮಾರ್ ಮಾಡಿದ ರಂಗ ಎಂಬ ಪಾತ್ರಕ್ಕೆ ಹೆಂಡತಿಯೆಂದರೆ ಜೀವ. ಅವಳಿಗೆ ಕ್ಯಾನ್ಸರ್. ಚಿಕಿತ್ಸೆಗೆ ದುಡ್ಡಿಲ್ಲ. ದುಡ್ಡಿಗಾಗಿ ರಂಗ ಹೊರಗೆ ಬಣ್ಣಬಣ್ಣದ ಸುಳ್ಳು ಪೋಣಿಸುತ್ತಾನೆ, ಒಳಗೆ ಬಂದರೆ ಹೆಂಡತಿಯ ಮುಂದೆ ನಗುಮುಖ. ಹೆಂಡತಿಯಾಗಿ ಮಾಧವಿ, ನಿರ್ದೇಶನ ಸಿಂಗೀತಂ ಶ್ರೀನಿವಾಸರಾವ್, ಸಂಗೀತ ಜಿ.ಕೆ. ವೆಂಕಟೇಶ್. ಜನ ಅರ್ಧ ಸಿನಿಮಾ ನಕ್ಕು, ಇನ್ನರ್ಧ ಅತ್ತು ಹೊರಗೆ ಬಂದರು. ಟೈಟಲ್ ಕಾರ್ಡಿನಲ್ಲಿ ನಿರ್ಮಾಪಕಿಯ ಜಾಗದಲ್ಲಿದ್ದ ಹೆಸರು ಪಾರ್ವತಮ್ಮ ರಾಜ್‌ಕುಮಾರ್.

ಆ ಪಾರ್ವತಮ್ಮನವರೇ ಸ್ತನ ಕ್ಯಾನ್ಸರಿನ ಜೊತೆ ಬದುಕಿ, 2017ರ ಮೇ 31ರ ಬೆಳಗಿನ ಜಾವ ಬೆಂಗಳೂರಿನ ಎಂ.ಎಸ್. ರಾಮಯ್ಯ ಆಸ್ಪತ್ರೆಯಲ್ಲಿ ತೀರಿಕೊಂಡರು. ತಾವೇ ತೆರೆಗೆ ತಂದ ಕಾಯಿಲೆ ತಮ್ಮ ಮನೆ ಬಾಗಿಲಿಗೂ ಬಂತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ನನ್ನ ಕುತೂಹಲ ಅದಲ್ಲ. ಕಾಯಿಲೆಯೊಂದನ್ನು ಕಥೆ ಮಾಡಿ ಊರಿಗೆ ಊರೇ ಅಳುವಂತೆ ಮಾಡಿದ ನಿರ್ಮಾಪಕಿ, ತಮ್ಮ ಕಾಯಿಲೆಯ ಬಗ್ಗೆ ಸಾರ್ವಜನಿಕವಾಗಿ ಆಡಿದ ಮಾತು ತೀರಾ ಕಡಿಮೆ. ಈ ಬಿಗಿ ಎಲ್ಲಿಂದ ಬಂತು? ಕೊನೆಯ ಆಸ್ಪತ್ರೆ ದಿನಗಳಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಅವರು ವ್ಯವಹಾರ ಕಟ್ಟಿದ ರೀತಿಯಲ್ಲಿ ಹುಡುಕಬೇಕು.

ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ 1939ರ ಡಿಸೆಂಬರ್ 6ರಂದು ಹುಟ್ಟಿದ ಪಾರ್ವತಮ್ಮ ಅಪ್ಪಾಜಿಗೌಡರ ಮಗಳು. 1953ರ ಜೂನ್ 25ರಂದು ನಂಜನಗೂಡಿನಲ್ಲಿ ಮದುವೆಯಾದಾಗ ಅವರಿಗಿನ್ನೂ 14 ತುಂಬಿರಲಿಲ್ಲ. ವರ ಗಾಜನೂರಿನ ಮುತ್ತುರಾಜ, ನಾಟಕ ಕಂಪನಿಯ ಹುಡುಗ. ‘ಬೇಡರ ಕಣ್ಣಪ್ಪ’ ಬಿಡುಗಡೆಯಾಗಿ ಮುತ್ತುರಾಜ ರಾಜ್‌ಕುಮಾರ್ ಆದದ್ದು ಮರುವರ್ಷ, 1954ರಲ್ಲಿ. ಅಂದರೆ ಪಾರ್ವತಮ್ಮ ಕೈಹಿಡಿದದ್ದು ತಾರೆಯನ್ನಲ್ಲ, ನಾಳೆ ಏನೋ ಎಂದು ಗೊತ್ತಿಲ್ಲದ ಒಬ್ಬ ಕಲಾವಿದನನ್ನು. ಈ ಒಂದು ವರ್ಷದ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವರ ಮುಂದಿನ ಹೆಜ್ಜೆಗಳನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಬರುವ ದುಡ್ಡು ನಿಲ್ಲಲೂಬಹುದು ಎಂಬುದನ್ನು ಕಂಡು ಉಂಡವರು ಅವರು.

ಆಗ ಕನ್ನಡ ಚಿತ್ರರಂಗ ಇದ್ದದ್ದು ಮದರಾಸಿನಲ್ಲಿ. ಸ್ಟುಡಿಯೊ, ಲ್ಯಾಬು, ತಂತ್ರಜ್ಞರು ಎಲ್ಲವೂ ಅಲ್ಲೇ. ಪಾರ್ವತಮ್ಮನವರ ಸಂಸಾರವೂ ಅಲ್ಲೇ ಬೆಳೆಯಿತು. ಮೈದುನ ವರದಪ್ಪ, ನಾದಿನಿ, ಅವರವರ ಮಕ್ಕಳು, ಊರಿಂದ ಬಂದು ಹೋಗುವ ನೆಂಟರು, ಅವಕಾಶ ಹುಡುಕಿ ಬಂದವರು. ಕೂಡುಕುಟುಂಬದ ಒಲೆ ಆರಿದ್ದೇ ಇಲ್ಲ. ರಾಜ್‌ಕುಮಾರ್ ದುಡ್ಡಿನ ಮಾತಿಗೆ ಕೈ ಹಾಕುವವರಲ್ಲ; ಬಂದ ಸಂಭಾವನೆ ಎಷ್ಟು, ಯಾರು ಎಷ್ಟು ಬಾಕಿ ಇಟ್ಟಿದ್ದಾರೆ, ಮುಂದಿನ ಕಾಲ್‌ಶೀಟ್ ಯಾರಿಗೆ ಎಂಬುದೆಲ್ಲ ಮೆಲ್ಲಗೆ ಪಾರ್ವತಮ್ಮ ಮತ್ತು ವರದಪ್ಪನವರ ಹೆಗಲಿಗೆ ಬಂತು. ಕಥೆ ಕೇಳುವುದು, ಅಳೆಯುವುದು ವರದಪ್ಪನವರ ಕೆಲಸ. ಹಣದ ಕಡೆ ನೋಡುವುದು ಪಾರ್ವತಮ್ಮನವರದು. ಅಡುಗೆಮನೆಯಿಂದ ಎದ್ದು ಬಂದ ಹೆಣ್ಣುಮಗಳು ಚಿತ್ರೋದ್ಯಮಿಯಾದಳು ಎಂದು ಬೆರಗಿನಿಂದ ಬರೆಯುವವರಿದ್ದಾರೆ. ಅಷ್ಟು ಜನರ ಮನೆಯನ್ನು ಇಪ್ಪತ್ತು ವರ್ಷ ನಿಭಾಯಿಸಿದವರಿಗೆ ಒಂದು ಚಿತ್ರತಂಡವನ್ನು ನಿಭಾಯಿಸುವುದರಲ್ಲಿ ಬೆರಗಾಗುವಂಥದ್ದು ಏನಿದೆಯೋ ನನಗಂತೂ ತಿಳಿಯದು.

ಸ್ವಂತ ನಿರ್ಮಾಣ ಶುರುವಾದದ್ದು 1975ರಲ್ಲಿ, ‘ತ್ರಿಮೂರ್ತಿ’ ಚಿತ್ರದಿಂದ. ನಿರ್ದೇಶಕ ಸಿ.ವಿ. ರಾಜೇಂದ್ರನ್. ಅದೇ ವರ್ಷದ ಮಾರ್ಚ್ 17ರಂದು ಮದರಾಸಿನಲ್ಲಿ ಐದನೆಯ ಮಗು ಪುನೀತ್ ಹುಟ್ಟಿದ್ದ. ಕೈಗೂಸು, ಮೇಲೆ ನಾಲ್ಕು ಮಕ್ಕಳು, ವಯಸ್ಸು 35. ಅಂಥ ಹೊತ್ತಿನಲ್ಲಿ ಕಂಪನಿ ಕಟ್ಟಲು ಹೊರಟ ಕಾರಣ ಸರಳ. ರಾಜ್‌ಕುಮಾರ್ ಚಿತ್ರಗಳು ಓಡುತ್ತಿದ್ದವು. ಲಾಭ ನಿರ್ಮಾಪಕರಿಗೆ, ವಿತರಕರಿಗೆ ಹೋಗುತ್ತಿತ್ತು. ನಟನಿಗೆ ಸಿಗುವುದು ಸಂಭಾವನೆ ಮಾತ್ರ. ಓಡುವ ಕುದುರೆ ಮನೆಯದಾದಮೇಲೆ ಗಾಡಿಯೂ ಮನೆಯದೇ ಇರಲಿ ಎಂಬುದು ಯಾವ ರೈತಾಪಿ ಹೆಣ್ಣುಮಗಳಿಗೂ ಹೊಳೆಯುವ ಲೆಕ್ಕ. ಮಗಳ ಹೆಸರಿನಲ್ಲಿ ಪೂರ್ಣಿಮಾ ಎಂಟರ್‌ಪ್ರೈಸಸ್, ದೇವಿಯ ಹೆಸರಿನಲ್ಲಿ ವಜ್ರೇಶ್ವರಿ ಕಂಬೈನ್ಸ್. ಒಡಹುಟ್ಟಿದ ಚಿನ್ನೇಗೌಡ, ಗೋವಿಂದರಾಜು, ಶ್ರೀನಿವಾಸ್ ಕೂಡ ಈ ಉದ್ಯಮಕ್ಕೇ ಬಂದರು. ಬೆಂಗಳೂರಿನ ಸಿನಿಮಾ ಕೇರಿಯಾದ ಗಾಂಧಿನಗರದಲ್ಲಿ ‘ವಜ್ರೇಶ್ವರಿ’ ಎಂದರೆ ಸಾಕು, ಯಾರ ಆಫೀಸು ಎಂದು ಕೇಳುವವರೇ ಇರಲಿಲ್ಲ.

ಮೂರು ವರ್ಷಕ್ಕೆ ‘ಶಂಕರ್ ಗುರು’ ಬಂತು. 1978ರ ಆ ಚಿತ್ರದಲ್ಲಿ ರಾಜ್‌ಕುಮಾರ್‌ಗೆ ಮೂರು ಪಾತ್ರ, ನಿರ್ದೇಶನ ವಿ. ಸೋಮಶೇಖರ್. ಅದು ಒಂದು ವರ್ಷ ಓಡಿದ್ದು ಒಂದು ಕಡೆ. ಅದರ ಕಥೆಯನ್ನು ಬೇರೆ ಭಾಷೆಯವರು ಕೊಂಡು ಹೋದದ್ದು ಇನ್ನೊಂದು ಕಡೆ. ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ ಇನ್ನೂರನೆಯ ಚಿತ್ರ ‘ತಿರಿಶೂಲಂ’ ಇದೇ. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಮಾಡಿದ ‘ಮಹಾನ್’ ಇದೇ. ಕನ್ನಡದವರು ಪಕ್ಕದ ರಾಜ್ಯಗಳಿಂದ ಕಥೆ ತರುತ್ತಾರೆ ಎಂಬ ಮೂದಲಿಕೆ ಇದ್ದ ಕಾಲದಲ್ಲಿ ಸಾಲಿಗ್ರಾಮದ ಹೆಣ್ಣುಮಗಳೊಬ್ಬರ ಬ್ಯಾನರಿನ ಸರಕು ಹೊರಗೆ ಹೋಗುತ್ತಿತ್ತು.

ಈ ಬ್ಯಾನರಿನ ನಿಜವಾದ ಬಂಡವಾಳ ಏನು ಎಂಬುದು ಬೆಂಗಳೂರಿನಲ್ಲಿ ಕೂತು ನೋಡಿದರೆ ಪೂರ್ತಿ ತಿಳಿಯುವುದಿಲ್ಲ. ನಮ್ಮ ಸಾಗರ ತಾಲ್ಲೂಕಿನ ತುಮರಿಯಂಥ ಊರಿಂದ ನೋಡಬೇಕು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ನಿಂತ ಮೇಲೆ ಕರೂರು ಸೀಮೆಯವರ ಪಾಲಿಗೆ ಸಾಗರವೆಂದರೆ ಹೊಳೆಯಾಚೆಯ ಪೇಟೆ. ನೇರ ಹೋಗಬೇಕೆಂದರೆ ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚ್. ಹೆರಿಗೆ ನೋವಾದರೂ ಲಾಂಚು, ಅಡಿಕೆ ಮಂಡಿಗಾದರೂ ಲಾಂಚು, ಸಿನಿಮಾಕ್ಕಾದರೂ ಅದೇ. ಸಂಜೆಯ ಕಡೇ ಲಾಂಚು ತಪ್ಪಿದರೆ ಆಚೆ ದಡದಲ್ಲೇ ರಾತ್ರಿ. ಹಾಗಾಗಿ ಫಸ್ಟ್ ಶೋ, ಸೆಕೆಂಡ್ ಶೋ ಎಂಬುದು ನಮ್ಮ ಕಡೆಯವರಿಗೆ ಇರಲೇ ಇಲ್ಲ. ಇದ್ದದ್ದು ಮ್ಯಾಟಿನಿ ಮಾತ್ರ, ಅದೂ ಕ್ಲೈಮ್ಯಾಕ್ಸಿನ ಹೊತ್ತಿಗೆ ಗಡಿಯಾರ ನೋಡಿಕೊಳ್ಳುತ್ತಾ. ಇಷ್ಟೆಲ್ಲ ಪಾಡು ಪಟ್ಟು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಮನೆಯ ಹಿರಿಯರ ಪ್ರಶ್ನೆ ಒಂದೇ: ಯಾರ ಪಿಚ್ಚರು? ರಾಜ್‌ಕುಮಾರ್‌ದು ಅಂದರೆ ‘ಹಂಗಾದ್ರೆ ಹೋಗಿ ಬನ್ನಿ’. ತೆರೆಯ ಮೇಲೆ ಏನು ಬರುತ್ತದೋ ಎಂಬ ಅಳುಕಿಲ್ಲದೆ ಅತ್ತೆ ಸೊಸೆ ಒಟ್ಟಿಗೆ ಕೂತು ನೋಡಬಹುದು ಎಂಬ ನಂಬಿಕೆ ಅದು. ಆ ಒಪ್ಪಿಗೆಯೇ ಪಾರ್ವತಮ್ಮನವರ ಆಸ್ತಿ. ವಿತರಕರ ಭಾಷೆಯಲ್ಲಿ ಬಿಕೆಟಿ ಎಂದರೆ ಬೆಂಗಳೂರು, ಕೋಲಾರ, ತುಮಕೂರು. ದೊಡ್ಡ ದುಡ್ಡು ಬರುವುದು ಅಲ್ಲಿಂದ. ಆದರೆ ಒಂದು ಬ್ಯಾನರಿನ ಹೆಸರು ಉಳಿಯುವುದು ಇಂಥ ಮೂಲೆಯ ಮನೆಗಳಲ್ಲಿ. (ಈಗ ಲಾಂಚಿನ ಗಡಿಬಿಡಿ ಇಲ್ಲ. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು. ಆಚೆಗೆ ಹೋಗಿ ನೋಡುವಷ್ಟು ಸಿನಿಮಾ ಬರುತ್ತಿದೆಯೇ ಎಂಬುದು ಬೇರೆ ಮಾತು.)

ಆ ನಂಬಿಕೆಯನ್ನು ಉಳಿಸಿಕೊಳ್ಳಲು ಕಥೆಯ ಆಯ್ಕೆಯಲ್ಲಿ ಅವರು ಎಲ್ಲೆಲ್ಲಿಗೆ ಕೈ ಚಾಚಿದರು ನೋಡಿ. 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ಮೂಲ ಶರ್ಲಿ ಅರೋರಾ ಎಂಬ ಅಮೆರಿಕನ್ ಲೇಖಕಿ ಇಂಗ್ಲಿಷಿನಲ್ಲಿ ಬರೆದ ಮಕ್ಕಳ ಕಾದಂಬರಿ. ಎನ್. ಲಕ್ಷ್ಮೀನಾರಾಯಣ್ ಅದನ್ನು ನಮ್ಮ ಗುಡ್ಡಬೆಟ್ಟಕ್ಕೆ ತಂದರು. ಕಾಡಿನ ಹೂ ಹುಡುಕಿ ಕೊಟ್ಟು ಪುಡಿಗಾಸು ಸೇರಿಸುವ ಬಡ ಹುಡುಗನಿಗೆ ಒಂದು ಪುಸ್ತಕ ಕೊಳ್ಳುವ ಆಸೆ. ಯಾವ ಪುಸ್ತಕ? ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಬರೆದ ‘ಶ್ರೀ ರಾಮಾಯಣ ದರ್ಶನಂ’. ಕೊನೆಗೆ ಆ ದುಡ್ಡು ಪುಸ್ತಕಕ್ಕೆ ಹೋಗುವುದಿಲ್ಲ, ಚಳಿಯಲ್ಲಿ ನಡುಗುವ ಮನೆಯವರ ಕಂಬಳಿಗೆ ಹೋಗುತ್ತದೆ. ಹೊಡೆದಾಟವಿಲ್ಲ, ನಾಯಕಿಯಿಲ್ಲ, ರಾಜ್‌ಕುಮಾರ್ ಕೂಡ ಇಲ್ಲ. ಒಬ್ಬ ಹುಡುಗ, ಒಂದು ಪುಸ್ತಕ, ಒಂದು ಕಂಬಳಿ. ಇಂಥ ಕಥೆಗೆ ದುಡ್ಡು ಸುರಿಯಲು ಲೆಕ್ಕ ಗೊತ್ತಿದ್ದರೆ ಸಾಲದು, ಮನಸ್ಸೂ ಬೇಕು. ಆ ಹುಡುಗನ ಪಾತ್ರಕ್ಕೆ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು. 1996ರ ‘ಜನುಮದ ಜೋಡಿ’ಗೆ ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ, ಟಿ.ಎಸ್. ನಾಗಾಭರಣ ಅದನ್ನು ಹಳೆ ಮೈಸೂರಿನ ಮಣ್ಣಿಗೆ ಎಷ್ಟು ಒಗ್ಗಿಸಿದರೆಂದರೆ ಅದು ಗುಜರಾತಿನದು ಎಂದು ಹೇಳಿದರೆ ಇವತ್ತಿಗೂ ನಂಬದವರಿದ್ದಾರೆ.

ಹೊಸಬರನ್ನು ತರುವುದರಲ್ಲೂ ಅವರ ಕೈ ದೊಡ್ಡದು. ಮಗ ಶಿವರಾಜ್‌ಕುಮಾರ್ 1986ರಲ್ಲಿ ‘ಆನಂದ್’ ಮೂಲಕ ಬಂದಾಗ ಜೊತೆಗೆ ಬಂದ ಸುಧಾರಾಣಿ ಇನ್ನೂ ಶಾಲೆ ವಯಸ್ಸಿನ ಹುಡುಗಿ. ‘ನಂಜುಂಡಿ ಕಲ್ಯಾಣ’ದಲ್ಲಿ ರಾಘವೇಂದ್ರ ರಾಜ್‌ಕುಮಾರ್ ಜೊತೆ ಮಾಲಾಶ್ರೀ, ‘ಅಪ್ಪು’ವಿನಲ್ಲಿ ಪುನೀತ್ ಜೊತೆ ರಕ್ಷಿತಾ, ‘ಅಭಿ’ಯಲ್ಲಿ ರಮ್ಯಾ. ಮಕ್ಕಳಿಗೆ ಮೆಟ್ಟಿಲು ಕಟ್ಟಿದ ತಾಯಿ ಎಂದು ಯಾರು ಬೇಕಾದರೂ ಹೇಳುತ್ತಾರೆ. ಅದೇ ಮೆಟ್ಟಿಲ ಮೇಲೆ ಕನ್ನಡದ ಎರಡು ತಲೆಮಾರಿನ ನಾಯಕಿಯರು ಹತ್ತಿ ಹೋದದ್ದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ.

1995ರ ‘ಓಂ’ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಸಂಸಾರದ ಕಥೆಗಳಿಗೆ ಹೆಸರಾದ ಬ್ಯಾನರ್ ಅದು; ಆಗ ಉಪೇಂದ್ರ ಎರಡು ಚಿತ್ರ ಮಾಡಿದ್ದ ಹುಡುಗ. ಆತ ತಂದದ್ದು ಮಚ್ಚು ಲಾಂಗುಗಳ ಕಥೆ. ಭೂಗತ ಲೋಕದ ಕೆಲವರು ಅದರಲ್ಲಿ ತಾವಾಗಿಯೇ ತೆರೆಯ ಮೇಲೆ ಬಂದರು. ಐವತ್ತೈದು ದಾಟಿದ ನಿರ್ಮಾಪಕಿ ಇದಕ್ಕೆ ಒಪ್ಪಿದರು. ಎಷ್ಟು ಸಲ ಮರುಬಿಡುಗಡೆಯಾದರೂ ಗಲ್ಲಾಪೆಟ್ಟಿಗೆ ತುಂಬಿಸಿದ ಚಿತ್ರ ಅದು. ಅದರ ಹಿಂದೆ ಬಂದ ಲಾಂಗು ಸಿನಿಮಾಗಳ ಸಾಲಿನ ಬಗ್ಗೆ ನನಗೆ ತಕರಾರಿದೆ. ಅದೇ ಅತ್ತೆ ಸೊಸೆಯರನ್ನು ಚಿತ್ರಮಂದಿರದಿಂದ ದೂರ ಮಾಡಿದ್ದರಲ್ಲಿ ಆ ಸಾಲಿನ ಪಾಲೂ ಇದೆ. ಹಾಗಂತ ‘ಓಂ’ ಒಪ್ಪಿದ ಧೈರ್ಯವನ್ನು ಅಲ್ಲಗಳೆಯಲಾಗದು.

ಎಂಬತ್ತರ ಆಸುಪಾಸಿನ ಸಂಖ್ಯೆಯ ಚಿತ್ರಗಳನ್ನು ಮಾಡಿದ ಸಂಸ್ಥೆಯ ಬಗ್ಗೆ ದೂರುಗಳೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾರ್ವತಮ್ಮ ಬಿಗಿ, ಎಲ್ಲವೂ ಅವರ ಮಾತಿನಂತೇ ಆಗಬೇಕು, ಗಾಂಧಿನಗರದ ಹಿಡಿತ ಒಂದು ಮನೆಗೆ ಸೇರಿತು ಎಂಬ ಗೊಣಗಾಟ ಆಗಲೂ ಇತ್ತು. ಇದೇ ಬಿಗಿ ಗಂಡಸಾದ ನಿರ್ಮಾಪಕನಲ್ಲಿ ಇದ್ದಿದ್ದರೆ ಅದನ್ನು ಶಿಸ್ತು ಎನ್ನುತ್ತಿದ್ದರೇನೋ. ಕೋಟಿಗಟ್ಟಲೆ ಅಭಿಮಾನಿಗಳಿದ್ದ, ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯನ ಪರವಾಗಿ ಇಲ್ಲ ಎನ್ನುವ ಕೆಲಸ ಯಾರಾದರೊಬ್ಬರು ಮಾಡಲೇಬೇಕಿತ್ತು. ಹೆಸರು ಕೆಡಿಸಿಕೊಳ್ಳುವ ಆ ಕೆಲಸವನ್ನು ಪಾರ್ವತಮ್ಮ ವಹಿಸಿಕೊಂಡರು.

ಅವರ ಗಟ್ಟಿತನವನ್ನು ಇಡೀ ನಾಡು ಕಂಡದ್ದು ಸಿನಿಮಾದಲ್ಲಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಗೆ ಕಾಡುಗಳ್ಳ ವೀರಪ್ಪನ್ ನುಗ್ಗಿದಾಗ ಅವರು ಅಲ್ಲೇ ಇದ್ದರು. ಮಳೆಯ ಕತ್ತಲಲ್ಲಿ ಗಂಡನನ್ನೂ, ಜೊತೆಗಿದ್ದ ಮೂವರನ್ನೂ ಕಾಡಿಗೆ ಕರೆದೊಯ್ಯುವಾಗ ಅವನು ಇವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ, ಮುಖ್ಯಮಂತ್ರಿಗೆ ತಲುಪಿಸಬೇಕು. ಎಸ್.ಎಂ. ಕೃಷ್ಣ ಆಗ ಮುಖ್ಯಮಂತ್ರಿ. ಕಣ್ಣೆದುರೇ ಗಂಡನನ್ನು ಎಳೆದೊಯ್ದ ರಾತ್ರಿಯೇ ಅವರು ಕ್ಯಾಸೆಟ್ ಹಿಡಿದು ಬೆಂಗಳೂರಿಗೆ ಹೊರಟರು. ಸುದ್ದಿ ಹರಡಿದರೆ ಊರಿಗೆ ಊರೇ ಹೊತ್ತಿ ಉರಿದೀತು ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ರಾಜ್‌ಕುಮಾರ್ ಬಿಡುಗಡೆಯಾಗಿ ಬಂದದ್ದು 108 ದಿನಗಳ ಮೇಲೆ, ನವೆಂಬರ್ 15ಕ್ಕೆ.

2006 ಅವರ ಪಾಲಿಗೆ ಕೆಟ್ಟ ವರ್ಷ. ಫೆಬ್ರುವರಿಯಲ್ಲಿ ವರದಪ್ಪ ಹೋದರು, ಏಪ್ರಿಲ್ 12ರಂದು ರಾಜ್‌ಕುಮಾರ್. ಕಥೆ ಆಯುವ ಕಣ್ಣೂ ಇಲ್ಲ, ಆ ಕಥೆಯ ಮುಖವೂ ಇಲ್ಲ. ಜನಸಾಗರದ ನೂಕುನುಗ್ಗಲು, ಗಲಭೆ, ಗೋಲಿಬಾರ್‌ಗಳ ನಡುವೆ ಗಂಡನ ಮಣ್ಣು ಮುಗಿಸಬೇಕಾಗಿ ಬಂದ ಹೆಣ್ಣುಮಗಳು ಅಲ್ಲಿಗೆ ಕೈಚೆಲ್ಲಿ ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಕೂರಲಿಲ್ಲ. ಮೈಸೂರಿನ ಶಕ್ತಿಧಾಮದ ಹೊಣೆಯೂ ಇತ್ತಲ್ಲ. ಪೊಲೀಸ್ ಅಧಿಕಾರಿ ಕೆಂಪಯ್ಯನವರ ಮುತುವರ್ಜಿಯಿಂದ 1997ರಲ್ಲಿ ಶುರುವಾದ ಈ ಸಂಸ್ಥೆ ಶೋಷಣೆಗೆ ಸಿಕ್ಕಿದ, ಮನೆಯಿಂದ ಹೊರಬಿದ್ದ ಹೆಣ್ಣುಮಕ್ಕಳಿಗೆ ನೆರಳು. ಪಾರ್ವತಮ್ಮ ಅದನ್ನು ನಡೆಸಿದ್ದೂ ಮನೆ ನಡೆಸಿದ ಹಾಗೇ.

ಆಮೇಲೆ ಬಂದದ್ದು ಕ್ಯಾನ್ಸರ್.

ನಮ್ಮ ಸಾಗರ ತಾಲ್ಲೂಕಿನಲ್ಲಿ ಈ ಕಾಯಿಲೆಯ ಹೆಸರಿಗೆ ಒಂದು ವಿಚಿತ್ರ ಪರಿಚಯವಿದೆ. ಆನಂದಪುರದ ಹತ್ತಿರದ ನರಸೀಪುರದಲ್ಲಿ ನಾಟಿ ಔಷಧಿ ಕೊಡುತ್ತಿದ್ದ ವೈದ್ಯರೊಬ್ಬರ ಮನೆಯ ಮುಂದೆ ಹೊರರಾಜ್ಯಗಳಿಂದಲೂ ಬಂದವರು ರಾತ್ರಿಯೇ ಸಾಲು ಹಿಡಿದು ಕೂರುತ್ತಿದ್ದುದನ್ನು ಕಂಡವರು ನಾವು. ಆ ಔಷಧಿಯ ಗುಣಾವಗುಣ ವಿಜ್ಞಾನ ಹೇಳಬೇಕಾದ ಮಾತು. ಆ ಸಾಲಿನಲ್ಲಿ ಕೂತವರ ಮುಖದಲ್ಲಿ ಕಾಣುತ್ತಿದ್ದುದು ಬೇರೆ: ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದ್ದರೂ ಅಲ್ಲಿಗೆ ತಡವಾಗಿ ಹೋದವರು, ಹೋಗಿ ಬರಿಗೈಲಿ ಬಂದವರು, ಹೋಗಲೇ ಆಗದವರು. ಕೆಲವರು ‘ಆ ಕಾಯಿಲೆ’ ಎನ್ನುತ್ತಿದ್ದರೇ ಹೊರತು ಹೆಸರು ಹೇಳುತ್ತಿರಲಿಲ್ಲ. ಅದರಲ್ಲೂ ಎದೆಯ ಗಂಟು ಎಂದರೆ ಹೆಂಗಸರು ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ನೂಕುತ್ತಾರೆ. ಇವತ್ತು ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಬೇಗ ತೋರಿಸಿದರೆ ಗೆಲ್ಲಬಹುದಾದ ಕಾಯಿಲೆ ನಾಚಿಕೆಯ ದೆಸೆಯಿಂದ ಕೈಮೀರುತ್ತದೆ. 

ಪಾರ್ವತಮ್ಮನವರ ಮೌನ ಈ ಬಗೆಯದೆಂದು ನನಗೆ ಅನ್ನಿಸುವುದಿಲ್ಲ. ಚಿಕಿತ್ಸೆ ನಡೆಯುತ್ತಿತ್ತು, ಮನೆಯವರು ಸುತ್ತ ಇದ್ದರು. ಅದರ ನಡುವೆಯೇ 2015ರಲ್ಲಿ ಮೊಮ್ಮಗ ವಿನಯ್ ‘ಸಿದ್ಧಾರ್ಥ’ ಚಿತ್ರದಿಂದ ನಾಯಕನಾದ. 2017ರ ಮಾರ್ಚಿನಲ್ಲಿ ಪುನೀತ್ ಅವರ ‘ರಾಜಕುಮಾರ’ ಬಿಡುಗಡೆಯಾಗಿ ಊರೂರಲ್ಲಿ ಹೌಸ್‌ಫುಲ್ ಬೋರ್ಡು ಬಿತ್ತು. ಮನೆಯ ಸುದ್ದಿ ಎಂದರೆ ಸಿನಿಮಾದ ಸುದ್ದಿ, ಕಾಯಿಲೆಯ ಸುದ್ದಿಯಲ್ಲ ಎಂಬ ಹಳೆಯ ಪದ್ಧತಿ ಹಾಗೇ ನಡೆಯಿತು. ಯಾರ ಬಾಕಿ, ಯಾರ ಜಗಳ, ಯಾವ ಚಿತ್ರದ ನಷ್ಟ ಎಂಬುದನ್ನು ನಲವತ್ತು ವರ್ಷ ಹೊಸ್ತಿಲಾಚೆಗೆ ಹೋಗಲು ಬಿಡದವರು ತಮ್ಮ ನೋವನ್ನು ಮಾತ್ರ ಬೀದಿಗೆ ತರುತ್ತಾರೆಯೇ? ಮೇ 14ರಂದು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಮೇಲೆ ಜನಕ್ಕೆ ಸಂಗತಿಯ ಗಂಭೀರತೆ ತಿಳಿಯಿತು. ಎರಡು ವಾರ ಕಳೆದು, 77ನೇ ವಯಸ್ಸಿನಲ್ಲಿ ಅವರು ಹೋದರು. ಗಂಡನ ಹಾಗೆ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಕಂಠೀರವ ಸ್ಟುಡಿಯೊದಲ್ಲಿ ರಾಜ್‌ಕುಮಾರ್ ಸಮಾಧಿಯ ಪಕ್ಕದಲ್ಲೇ ಮಣ್ಣು.

ಏಳು ವರ್ಷಕ್ಕೆ ಕ್ಯಾನ್ಸರ್ ಅದೇ ಮನೆಗೆ ಮತ್ತೆ ಬಂತು. ಈ ಸಲ ಹಿರಿಮಗನಿಗೆ, ಮೂತ್ರಕೋಶದ ಕ್ಯಾನ್ಸರ್. ನಡುವೆ 2021ರ ಅಕ್ಟೋಬರ್ 29ರಂದು ಪುನೀತ್ ಹೃದಯಾಘಾತದಿಂದ ಹೋಗಿದ್ದ ಗಾಯ ಇನ್ನೂ ಹಸಿಯಾಗಿತ್ತು. ಶಿವರಾಜ್‌ಕುಮಾರ್ ತಾಯಿಯ ಹಾದಿ ಹಿಡಿಯಲಿಲ್ಲ, ಕಾಯಿಲೆಯನ್ನು ಹೇಳಿಕೊಂಡರು. 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ, ಮೂತ್ರಕೋಶ ತೆಗೆದು ಕರುಳಿನ ಭಾಗದಿಂದ ಹೊಸದನ್ನು ಮಾಡಿ ಜೋಡಿಸಿದರು. ಹೊಸ ವರ್ಷಕ್ಕೆ ವಿಡಿಯೊದಲ್ಲಿ ಬಂದು ತಮಗೆ ಭಯವಾಗಿತ್ತು ಎಂದು ಒಪ್ಪಿಕೊಂಡರು. ಕೀಮೊ ತೆಗೆದುಕೊಳ್ಳುತ್ತಲೇ ‘45’ ಚಿತ್ರದ ಫೈಟ್ ಮುಗಿಸಿಕೊಟ್ಟಿದ್ದನ್ನೂ ಹೇಳಿದರು. ತಾಯಿ ಮುಚ್ಚಿಟ್ಟು ಕೆಲಸ ಮಾಡಿದರು, ಮಗ ಹೇಳಿಕೊಂಡು ಮಾಡಿದ. ಎರಡರಲ್ಲಿ ಯಾವುದು ಹೆಚ್ಚು ಎಂಬ ತೂಕಕ್ಕೆ ನಾನು ಹೋಗಲಾರೆ. ಆದರೆ ಎದೆಯ ಗಂಟನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುವ ನಮ್ಮ ಹಳ್ಳಿಯ ಹೆಂಗಸರಿಗೆ ಮಗನ ರೀತಿಯಿಂದ ಉಪಕಾರ ಹೆಚ್ಚು ಎಂದು ಮಾತ್ರ ಹೇಳಬಲ್ಲೆ.

ಆ ವಿಡಿಯೊದಲ್ಲಿ ಪಕ್ಕದಲ್ಲಿ ಕೂತಿದ್ದವರು ಗೀತಾ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪನವರ ಮಗಳು, 1986ರಲ್ಲಿ, ‘ಆನಂದ್’ ಬಂದ ವರ್ಷವೇ ಆ ಮನೆಗೆ ಸೊಸೆಯಾಗಿ ಹೋದವರು. ನಮ್ಮ ಜಿಲ್ಲೆಯವರಿಗೆ ಹೊಸಬರಲ್ಲ, ಶಿವಮೊಗ್ಗದಿಂದ ಲೋಕಸಭೆಗೆ ಎರಡು ಸಲ ನಿಂತು ಸೋತವರು. ಅತ್ತೆಯ ನಂತರ ಶಕ್ತಿಧಾಮದ ಹೊಣೆ ಹೊತ್ತಿರುವುದು ಅವರೇ. ಪುನೀತ್ ಶುರು ಮಾಡಿದ ಪಿಆರ್‌ಕೆ ಪ್ರೊಡಕ್ಷನ್ಸ್ ಅನ್ನು ಅವರ ಪತ್ನಿ ಅಶ್ವಿನಿ ನಡೆಸುತ್ತಿದ್ದಾರೆ. ಗೀತಾ ತಮ್ಮದೇ ಬ್ಯಾನರ್ ತೆರೆದಿದ್ದಾರೆ, ಗೀತಾ ಪಿಕ್ಚರ್ಸ್. ಮೊದಲ ಚಿತ್ರ 2022ರ ‘ವೇದ’, ಶಿವರಾಜ್‌ಕುಮಾರ್ ಅವರ 125ನೆಯದು. ನಂತರ ‘ಭೈರತಿ ರಣಗಲ್’, ಬಿಡುಗಡೆ 2024ರ ನವೆಂಬರ್ 15. ನಾಯಕನಿಗೆ ಆಗ ಚಿಕಿತ್ಸೆ ನಡೆಯುತ್ತಿತ್ತು, ಪ್ರಚಾರಕ್ಕೆ ಇಬ್ಬರೂ ಓಡಾಡಿದರು, ಚಿತ್ರ ಹೇಳಿದ ತಾರೀಖಿಗೇ ತೆರೆಗೆ ಬಂತು.